ಹನ್ನೊಂದು ವರ್ಷದ ರೊಟ್ಟಿ

"ಆರಾಮಾಗಿ ಕೂತ್ಕೊ ಅಕ್ಕ" ಎಂದು ಬೆಳಗಿನಿಂದ ಏಳನೆಯ ಸಲ ಹೇಳಿಸಿಕೊಂಡಾಗ ಫೆಬ್ರೋನಿಯಾಳ ಮೈ ಉರಿದುಹೋಯಿತು. ಕೂತೇ ಇದ್ದಳಲ್ಲ! ನಿನ್ನೆ ಮಧ್ಯಾಹ್ನ ತನ್ನೂರು ಮಲ್ಲಾವಿಯಿಂದ ತಮ್ಮನ ರಜೆಯ ಮನೆಗೆ ಐದು ಗಂಟೆ ಕಾರಿನಲ್ಲಿ ಬಂದಿಳಿದಾಗಿನಿಂದ ಅವಳನ್ನು ಈ ಕುರ್ಚಿಯಿಂದ ಆ ಕುರ್ಚಿಗೆ, ಹಾಲಿನಿಂದ ಬಾಲ್ಕನಿಗೆ ಎತ್ತಿಡುವುದೇ ಆಗಿತ್ತು. ಬಾಲ್ಕನಿಯಲ್ಲಿ ಸಮುದ್ರ ಕಾಣುತ್ತದಂತೆ, ನೋಡಬೇಕಂತೆ. ಅರವತ್ತೊಂದು ವರ್ಷದವಳಿಗೆ ಸಮುದ್ರ ಎಂದರೇನು ಎಂದು ಹೊಸದಾಗಿ ತೋರಿಸಬೇಕೆ? ನೀರು, ಬಿಸಿಲು, ಕೆಳಗೆ ಮರಳಿನ ಮೇಲೆ ಊರಿಗೆ ಊರೇ ಬಂದು ಹಾಸಿದ ಚಾಪೆಗಳು, ಈರುಳ್ಳಿಸೊಪ್ಪಿನ ಕಂತೆಗಳು, ಬಣ್ಣದ ಮೊಟ್ಟೆಗಳು. ನಿನ್ನೆ ಈಸ್ಟರ್ ಮುಗಿದು ಇವತ್ತು ಶಮ್ಮುನ್ನಸೀಮ್. ಮುಸಲ್ಮಾನರು ಕ್ರೈಸ್ತರು ಎನ್ನದೆ ಎಲ್ಲರೂ ಮನೆಬಿಟ್ಟು ಗಾಳಿ ಕುಡಿಯುವ ದಿನ. ಅವಳು ಮಾತ್ರ ತೊಡೆಯ ಮೇಲಿನ ಕೈಚೀಲವನ್ನು ಕೆಳಗಿಡದೆ ಕೂತಿದ್ದಳು. ಅದರೊಳಗೆ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿದ ಅಪ್ಪನ ಮರದ ಅಚ್ಚು ಇತ್ತು. ಪರಮಪ್ರಸಾದದ ರೊಟ್ಟಿಗೆ ಶಿಲುಬೆ ಒತ್ತುವ ಅಚ್ಚು. ಅದನ್ನು ತರಲೇಬೇಕೆಂದು ತಮ್ಮ ನಸ್ಸೀಫ್ ಮೂರು ಸಲ ಫೋನು ಮಾಡಿದ್ದ. ಅಕ್ಕ ಬಾ ಎಂದು ಒಂದು ಸಲ ಮಾಡಿದ್ದ.

ಹಾಲಿನಲ್ಲಿ ನಸ್ಸೀಫ್ ಭಾಷಣ ಬಾಯಿಪಾಠ ಮಾಡುತ್ತಿದ್ದ. "ನಮ್ಮ ತಂದೆ ಕಲ್ಲೀನಿಯವರು ನಲವತ್ತನಾಲ್ಕು ವರ್ಷ, ತೀರಿಕೊಳ್ಳುವ ವಾರದವರೆಗೂ, ಚರ್ಚಿನ ರೊಟ್ಟಿಯನ್ನು ತಮ್ಮ ಎರಡು ಕೈಯಿಂದಲೇ..." ಅಲ್ಲಿಗೆ ನಿಲ್ಲಿಸಿ, ಕೆಮ್ಮಿ, ಎರಡು ಕೈ ಎನ್ನುವಾಗ ಎರಡೂ ಕೈ ಎತ್ತಬೇಕೋ ಬೇಡವೋ ಎಂದು ಹೆಂಡತಿ ಓಡೆಟ್‌ಳನ್ನು ಕೇಳಿದ. ಎತ್ತಿ, ಚೆನ್ನಾಗಿ ಕಾಣತ್ತೆ ಎಂದಳು ಅವಳು. ಎತ್ತಪ್ಪ, ಎತ್ತು. ಆ ಎರಡು ಕೈಗೆ ತಾನೇ ಅಂಗಿಯ ಗುಂಡಿ ಹಾಕುತ್ತಿದ್ದದ್ದು, ಸೂಪಿನ ಚಮಚ ಹಿಡಿಸುತ್ತಿದ್ದದ್ದು ಫೆಬ್ರೋನಿಯಾಳಿಗೆ ನೆನಪಿತ್ತು. ಕೈರೋದಲ್ಲಿ ಓದುತ್ತ, ಆಮೇಲೆ ಕೆಲಸ ಮಾಡುತ್ತ ವರ್ಷಕ್ಕೆರಡು ಸಲ ಊರಿಗೆ ಬರುತ್ತಿದ್ದ ಇವನಿಗೆ ಏನು ನೆನಪಿರಬೇಕು? ಅಪ್ಪನ ಕೈ ನಡುಗತೊಡಗಿದ್ದು ಒಂದು ಚಳಿಗಾಲ. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಒಂದು ಭಾನುವಾರ ರೊಟ್ಟಿಗಳ ಮೇಲೆ ಶಿಲುಬೆ ಎರಡೆರಡಾಗಿ ಮೂಡಿತು. ಪಾದ್ರಿ ಅಬೂನಾ ಮಿಖಾಯಿಲರು ಬಲಿಪೀಠಕ್ಕೆ ಒಂದನ್ನು ಆರಿಸಲು ಬುಟ್ಟಿಯ ಮುಂದೆ ನಿಂತು, ಒಂದೊಂದನ್ನೂ ಎತ್ತಿ ತಿರುಗಿಸಿ, ಮತ್ತೆ ಇಟ್ಟು, ಕೊನೆಗೆ ಕಣ್ಣು ಮುಚ್ಚಿ ಒಂದನ್ನು ತೆಗೆದುಕೊಂಡರಂತೆ. ಮನೆಗೆ ಬಂದ ಅಪ್ಪ ಊಟ ಮಾಡಲಿಲ್ಲ. ಸಂಜೆ ಅವಳನ್ನು ಕರೆದು ಅವಳ ಅಂಗೈಯನ್ನು ಅಚ್ಚಿನ ಮೇಲೆ ಇಡಿಸಿ, "ಇನ್ಮೇಲೆ ನೀನು ಬಾ. ಯಾರಿಗೂ ಹೇಳಕೂಡ್ದು. ಅಬೂನಾಗೂ ಹೇಳಕೂಡ್ದು. ಪಾಪನಿವೇದನೇಲೂ ಬಾಯಿಬಿಡಕೂಡ್ದು" ಎಂದ. ಆಗ ಅವಳಿಗೆ ಮೂವತ್ತು.

ಚರ್ಚಿನ ಹಿಂದಿನ ರೊಟ್ಟಿಯ ಕೋಣೆಗೆ ಬೆತ್ಲೆಹೇಮ್ ಎಂದು ಹೆಸರು. ಹೆಂಗಸರು ಅದರ ಹೊಸ್ತಿಲು ದಾಟುವಂತಿಲ್ಲ. ಅವಳು ದಾಟಿದಳು, ಹನ್ನೊಂದು ವರ್ಷ ದಾಟಿದಳು, ಬೆಳಗಿನ ಜಾವ ಅಪ್ಪನ ಹಳೆಯ ಕೋಟು ಹೊದ್ದು, ತಲೆ ತಗ್ಗಿಸಿ, ಕಳ್ಳಿಯ ಹಾಗೆ. ಹಿಟ್ಟು, ನೀರು, ಹುಳಿಹಿಟ್ಟು, ಅಷ್ಟೆ, ಉಪ್ಪೂ ಇಲ್ಲ. ನಾದಿ, ಉಂಡೆ ಕಟ್ಟಿ, ತಟ್ಟಿ, ಅಚ್ಚು ಒತ್ತಿ, ಐದು ಗಾಯಗಳಿಗೆ ಐದು ತೂತು ಚುಚ್ಚಿ, ಒಲೆಗೆ ಹಾಕಿ, ಚರ್ಚಿನ ಗೇಟಿನ ಬೀಗ ತೆಗೆಯುವ ಸದ್ದು ಕೇಳುವ ಮೊದಲೇ ಅಂಗಳದ ಗೋಡೆ ಬಳಸಿ ಮನೆಗೆ ಓಡಿ, ಕೈತೊಳೆದು, ತಲೆ ನೀಟಾಗಿ ಬಾಚಿಕೊಂಡು, ಉಳಿದವರಂತೆ ಮುಂಬಾಗಿಲಿನಿಂದ ಪೂಜೆಗೆ ಬರುವುದು. ಮುಟ್ಟಾದ ದಿನಗಳಲ್ಲೂ. ಆ ದಿನಗಳಲ್ಲಿ ಹೆಂಗಸು ಪರಮಪ್ರಸಾದ ತೆಗೆದುಕೊಳ್ಳಬಾರದು ಎನ್ನುವುದು ಅವಳಿಗೆ ಗೊತ್ತಿತ್ತು, ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವಳು ನಾದಿದ್ದನ್ನು ಇಡೀ ಊರು ಬಾಯಿತೆರೆದು ತೆಗೆದುಕೊಳ್ಳುತ್ತಿತ್ತು, ಅವಳು ಹಿಂದಿನ ಸಾಲಿನಲ್ಲಿ ನಿಂತು ಒಬ್ಬೊಬ್ಬರ ಗಂಟಲನ್ನೂ ನೋಡುತ್ತಿದ್ದಳು. ಮೊದಲ ಸಲ ಹಾಗಾದಾಗ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಲೂ ಆಗದೆ, ಒಳಗೆ ಹೋಗಲೂ ಆಗದೆ ಒದ್ದಾಡಿದ್ದಳು. ಅಪ್ಪನಿಗೆ ಅರ್ಥವಾಯಿತು. ಮುಖ ತಿರುಗಿಸಿಕೊಂಡು, "ಹೊತ್ತಾಗ್ತಿದೆ, ಒಲೆ ಆರತ್ತೆ" ಎಂದ. ಅಷ್ಟೇ ಅವನ ಧರ್ಮಶಾಸ್ತ್ರ.

ಆದರೆ ನೀರು! ಆ ನೀರಿನ ಲೋಟವನ್ನು ನೆನೆದರೆ ಇವತ್ತಿಗೂ ಅವಳ ಕೆನ್ನೆ ಬಿಸಿಯಾಗುತ್ತದೆ. ಎರಡನೆಯ ವಾರದಿಂದಲೋ ಮೂರನೆಯದರಿಂದಲೋ, ಅವಳು ಕೊನೆಯ ರೊಟ್ಟಿಯನ್ನು ಒಲೆಗೆ ಹಾಕಿದ ಕೂಡಲೆ ಅಪ್ಪ ಮೂಲೆಯ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ, ಅವಳ ಎದುರಿಗೇ, ಎರಡೂ ಕೈಯಲ್ಲಿ ಹಿಡಿದು ಮೈಮೇಲೆ ಚೆಲ್ಲಿಕೊಂಡಾದರೂ ಪೂರ್ತಿ ಕುಡಿದುಬಿಡುತ್ತಿದ್ದ. ನೀರು ಕುಡಿದರೆ ಉಪವಾಸ ಮುರಿಯಿತು. ಉಪವಾಸ ಮುರಿದವನು ಪರಮಪ್ರಸಾದ ತೆಗೆದುಕೊಳ್ಳುವ ಹಾಗಿಲ್ಲ. ಕೇಳಿದವರಿಗೆಲ್ಲ ಮಾತ್ರೆಗೆ ನೀರು ಬೇಕಾಗತ್ತೆ ಎನ್ನುತ್ತಿದ್ದ. ಸುಳ್ಳು. ಮಾತ್ರೆ ಕೊಡುತ್ತಿದ್ದವಳು ಅವಳು, ಸಂಜೆ, ಊಟವಾದ ಮೇಲೆ. ಹನ್ನೊಂದು ವರ್ಷ ಅವಳು ಮಾಡಿದ ರೊಟ್ಟಿಯನ್ನು ಅಪ್ಪ ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಊರಿಗೆ ತಿನ್ನಿಸಬಹುದು, ತನಗೆ ಮಾತ್ರ ಬೇಡ. ಮಗಳು ಮೈಲಿಗೆ. ಮಗಳ ಕೈ ಮೈಲಿಗೆ. ಅವನು ತೀರಿಕೊಂಡು ಇಪ್ಪತ್ತು ವರ್ಷವಾದರೂ ಅವಳು ಈಗಲೂ ಯಾರ ಮನೆಗೆ ಹೋದರೂ ಹಿಟ್ಟಿಗೆ ಕೈ ಹಾಕುವುದಿಲ್ಲ. ಅಂಗಡಿಯ ರೊಟ್ಟಿ ತಿನ್ನುತ್ತಾಳೆ.

"ಅತ್ತಿಗೆ, ಸ್ವಲ್ಪ ಬರ್ತೀರಾ? ನಂಗೆ ಈ ವಾಸನೆ ತಡಿಯಕ್ಕಾಗಲ್ಲ" ಎಂದು ಓಡೆಟ್ ಅಡುಗೆಮನೆಯಿಂದ ಕೂಗಿದಳು. ನೋಡಿ, ಆರಾಮ ಮುಗಿಯಿತು. ಉಪ್ಪಿನಲ್ಲಿ ಹಾಕಿಟ್ಟ ಫಸೀಖ್ ಮೀನು ಸಿಂಕಿನಲ್ಲಿ ಬಿದ್ದಿತ್ತು. ಅದಿಲ್ಲದೆ ಈ ಹಬ್ಬ ಹಬ್ಬವಲ್ಲ, ಆದರೆ ಅದನ್ನು ಬಿಡಿಸುವವರು ಬೇರೆಯವರಾಗಿರಬೇಕು. ಫೆಬ್ರೋನಿಯಾ ತೋಳು ಮಡಚಿ ಚರ್ಮ ಸುಲಿದಳು, ಮುಳ್ಳು ತೆಗೆದಳು, ನಿಂಬೆಹಣ್ಣು ಹಿಂಡಿದಳು. ಪಕ್ಕದ ಅಮೃತಶಿಲೆಯ ಕಟ್ಟೆಯ ಮೇಲೆ ಗಾಜಿನ ಬಟ್ಟಲಲ್ಲಿ, ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ನಾದಿ ಇಟ್ಟಿತ್ತು.

"ಇದೇನು?" ಎಂದಳು.

"ನಿಮ್ಮ ತಮ್ಮ ಬೆಳಿಗ್ಗೆ ಎದ್ದು ಮಾಡಿದ್ರು. ಅಬೂನಾ ಮುಂದೆ ಅಚ್ಚು ಒತ್ತಿ ತೋರಿಸ್ತಾರಂತೆ. ಮಾವ ಹೇಗೆ ಮಾಡ್ತಿದ್ರು ಅಂತ. ವೀಡಿಯೊ ತೆಗೀಬೇಕಂತೆ ನಾನು."

"ಇಲ್ಲೇನಾ? ಈ ಕಟ್ಟೆ ಮೇಲಾ? ಮೀನಿನ ಪಕ್ಕದಲ್ಲಾ?"

"ಮೀನು ತೆಗೀತೀನಲ್ಲ ಅತ್ತಿಗೆ. ಸುಮ್ನೆ ತೋರ್ಸಕ್ಕೆ ತಾನೆ?"

ಅಷ್ಟರಲ್ಲಿ ನಸ್ಸೀಫನೇ ಬಂದ. ಬಿಳಿ ಚಡ್ಡಿ, ಬಿಳಿ ಅಂಗಿ, ಕೈಯಲ್ಲಿ ಹೊಳೆಯುವ ಹಿತ್ತಾಳೆಯ ಫಲಕ. ಕೈರೋದ ಹೊರವಲಯದಲ್ಲಿ ಅವರು ಹೊಸದಾಗಿ ಕಟ್ಟಿದ ಚರ್ಚಿನ ಪಾರಂಪರ್ಯದ ಕೋಣೆಯಲ್ಲಿ ಅಚ್ಚನ್ನು ಗಾಜಿನೊಳಗಿಟ್ಟು ಕೆಳಗೆ ಈ ಫಲಕ ಹಾಕುತ್ತಾರೆ. ಅಪ್ಪನ ಹೆಸರು, ನಲವತ್ತನಾಲ್ಕು ವರ್ಷ, ಕೆಳಗೆ ಸ್ವಲ್ಪ ಚಿಕ್ಕ ಅಕ್ಷರದಲ್ಲಿ ಕೊಟ್ಟವರು ನಸ್ಸೀಫ್ ಕಲ್ಲೀನಿ. ಅವಳು ಓದಿದಳು. ಮೂವತ್ತಮೂರು ಎಂದಿರಬೇಕಿತ್ತು.

"ಅಕ್ಕ, ಒಂದು ಮಾತು" ಎಂದು ಅವನು ದನಿ ತಗ್ಗಿಸಿದ. "ಆ ಕೊನೇ ದಿನಗಳ ವಿಷಯ ಊಟದ ಹೊತ್ತಲ್ಲಿ ತೆಗೀಬೇಡ."

"ಯಾವ ವಿಷಯ?"

"ನಂಗೇನು ಗೊತ್ತಿಲ್ವಾ? ಒಂದ್ಸಲ ಹಬ್ಬಕ್ಕೆ ಬಂದಾಗ ನಿನ್ನ ಕೋಟಿನ ತೋಳಲ್ಲಿ ಹಿಟ್ಟು ನೋಡಿದ್ದೆ. ಅಪ್ಪನ ಹೆಸರು ಹಾಳಾಗತ್ತೆ. ಹೆಂಗಸಿನ ಕೈಲಿ ಮಾಡ್ಸಿ ಊರಿಗೆಲ್ಲ ಮೋಸ ಮಾಡ್ದ ಅಂತಾರೆ. ನಿಂಗೆ ಅದು ಬೇಕಾ? ರಜೆ ಇದೆ, ಗಾಳಿ ಇದೆ, ತಿನ್ನು, ಆರಾಮಾಗಿರು."

ಆರಾಮು ಎಂಟನೆಯ ಸಲ ಅಂತ ಅವಳು ಮನಸ್ಸಿನಲ್ಲೇ ಎಣಿಸಿದಳು. ಇವನಿಗೆ ಗೊತ್ತಿತ್ತು! ಇಷ್ಟು ವರ್ಷ ಗೊತ್ತಿದ್ದೂ ಒಂದು ದಿನ ಅಕ್ಕ ಹೇಗಿದೀಯ, ಕೈ ನೋಯತ್ತಾ ಎಂದು ಕೇಳಲಿಲ್ಲ. ಅವಳ ಬಾಯಿಗೆ ಬಂದದ್ದನ್ನು ಅವಳು ನುಂಗಿದಳು, ಏಕೆಂದರೆ ಅವನು ಹೇಳಿದ್ದರಲ್ಲಿ ಒಂದು ಮಾತು ನಿಜವಾಗಿತ್ತು: ಅವಳು ಬಾಯಿಬಿಟ್ಟರೆ ಕೆಡುವುದು ಅಪ್ಪನ ಹೆಸರು. ಸತ್ತವನು ಮಣ್ಣಿನೊಳಗಿಂದ ಎದ್ದುಬಂದು ಹೌದಪ್ಪ, ಹೀಗಾಯಿತು ಎಂದು ಹೇಳುವಂತಿಲ್ಲ. ಎಂಥ ಅಚ್ಚುಕಟ್ಟಾದ ಬಲೆ! ಅಪ್ಪನನ್ನು ಉಳಿಸಬೇಕಾದರೆ ತಾನು ಹುಟ್ಟೇ ಇಲ್ಲ ಎಂದುಕೊಳ್ಳಬೇಕು. ಅವಳು ಮೀನಿನ ತಟ್ಟೆಯನ್ನು ತಮ್ಮನ ಎದೆಗೆ ಒತ್ತಿ ಹಿಡಿಸಿ, "ಮೇಜಿಗಿಡು" ಎಂದಳು. ಅವನ ಬಿಳಿ ಅಂಗಿಗೆ ಎಣ್ಣೆ ತಗಲಿತು. ಸಂತೋಷವಾಯಿತು.

ಒಂದೂವರೆಗೆ ಅತಿಥಿಗಳು ಬಂದರು. ಹೊಸ ಚರ್ಚಿನ ಅಬೂನಾ ಬಖೂಮ್, ನಲವತ್ತು ದಾಟದ ಪಾದ್ರಿ, ಗಡ್ಡ ಇನ್ನೂ ಪೂರಾ ಕಪ್ಪು. ಅವರ ತೋಳು ಹಿಡಿದುಕೊಂಡು ಮುಅಲ್ಲಿಂ ಬುಕ್ತೋರ್. ಫೆಬ್ರೋನಿಯಾ ಕೂಡಲೆ ಗುರುತು ಹಿಡಿದಳು. ಮಲ್ಲಾವಿಯ ಚರ್ಚಿನಲ್ಲಿ ಐವತ್ತು ವರ್ಷ ಸ್ತುತಿ ಹಾಡಿದ ಕುರುಡ ಗಾಯಕ, ಪೂಜೆ ಮುಗಿದ ಮೇಲೆ ಅಂಗಳದ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂರುತ್ತಿದ್ದವನು. ಈಗ ಮಗಳ ಮನೆಯಲ್ಲಿದ್ದಾನೆ ಎಂದು ಕೇಳಿದ್ದಳು. ಭಾಷಣಕ್ಕೆ ಸಾಕ್ಷಿಯೆಂದು ನಸ್ಸೀಫ್ ಹುಡುಕಿ ತರಿಸಿದ್ದ.

"ಕ್ರಿಸ್ತ ಎದ್ದಿದ್ದಾನೆ" ಎಂದ ಮುದುಕ ಬಾಗಿಲಲ್ಲೇ.

"ನಿಜವಾಗ್ಲೂ ಎದ್ದಿದ್ದಾನೆ" ಎಂದರು ಎಲ್ಲರೂ.

"ಇದು ಕಲ್ಲೀನಿ ಮಗಳ ದನಿ. ಫೆಬ್ರೋನಿಯಾ, ಹೇಗಿದೀಯಮ್ಮ? ಹಲ್ಲೆಲ್ಲ ಉದುರಿತು ನಂಗೆ. ಫಸೀಖ್ ಇದೆ ತಾನೆ? ಅದಕ್ಕೆ ಹಲ್ಲು ಬೇಡ."

ಎಲ್ಲರೂ ನಕ್ಕರು. ಉಂಡರು. ಮುದುಕ ಬೆರಳಿನಿಂದ ಮುಳ್ಳು ತಡಕಿ, ಇಲ್ಲ ಎಂದು ಮೆಚ್ಚಿಕೊಂಡ. ಅಬೂನಾ ಬಖೂಮ್ ಈರುಳ್ಳಿ ಕಚ್ಚುತ್ತ, ನಮ್ಮ ಮಕ್ಕಳಿಗೆ ಬೇರುಗಳ ಬಗ್ಗೆ ತಿಳಿಸಬೇಕು, ಬೇರು ಮುಖ್ಯ ಎಂದರು. ನಸ್ಸೀಫ್ ಎದ್ದು ನಿಂತ, ಎರಡೂ ಕೈ ಎತ್ತಿದ, ನಲವತ್ತನಾಲ್ಕು ವರ್ಷ ಎಂದ. ಅವಳು ತಟ್ಟೆ ನೋಡುತ್ತಿದ್ದಳು. ಹೋಗಲಿ, ಇದೂ ಹೋಗಲಿ, ಇಷ್ಟು ವರ್ಷ ಹೋದ ಮೇಲೆ ಇನ್ನೊಂದು ಗಳಿಗೆ. ಕೈಚೀಲದಿಂದ ಅಚ್ಚು ತೆಗೆದು ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟಳು ಕೂಡ. ನಡುವೆ ದೊಡ್ಡ ಶಿಲುಬೆ, ಸುತ್ತ ಹನ್ನೆರಡು ಚಿಕ್ಕವು, ಹಿಡಿಯ ಜಾಗ ಬೆವರಿಗೆ ಕಪ್ಪಾಗಿತ್ತು. ಅದು ಯಾರ ಬೆವರು? ನಸ್ಸೀಫ್ ಬಟ್ಟಲಿನ ಹಿಟ್ಟನ್ನು ತಂದು ಮೇಜಿನ ಮೇಲೆ ಸುರಿದ. ಓಡೆಟ್ ಫೋನು ಎತ್ತಿ ಹಿಡಿದಳು. ಅವನು ಒಂದು ಉಂಡೆ ಮಾಡಿ, ತಟ್ಟಿ, ಅಚ್ಚನ್ನು ಒತ್ತಿದ. ಹಿಟ್ಟು ಅಂಟಿಕೊಂಡು ಅಚ್ಚಿನ ಜೊತೆಗೇ ಎದ್ದುಬಂತು. ನಗುತ್ತ ಇನ್ನೊಂದು ಸಲ ಒತ್ತಿದ. ಅವಳಿಗೆ ತಡೆಯಲಾಗಲಿಲ್ಲ, ಮೇಜಿನಂಚಿಗೆ ಬಿದ್ದ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿದಳು.

"ಉಪ್ಪು ಹಾಕಿದೀಯ" ಎಂದಳು.

"ಏನು?"

"ಉಪ್ಪು. ಪರಮಪ್ರಸಾದದ ಹಿಟ್ಟಿಗೆ ಉಪ್ಪು ಹಾಕಿದೀಯ. ಕಲ್ಲೀನಿ ಮಗ! ಪಾರಂಪರ್ಯ!"

ನಸ್ಸೀಫನ ಕಿವಿ ಕೆಂಪಾದವು. ಅಬೂನಾರ ಕಡೆ ತಿರುಗಿ ನಕ್ಕ. "ನಮ್ಮಕ್ಕ ಹಾಗೇನೆ, ಎಲ್ಲದ್ರಲ್ಲೂ ತಪ್ಪು ಹುಡುಕೋದು. ಪಾಪ, ಅವಳಿಗೇನು ಗೊತ್ತಾಗತ್ತೆ? ಬೆತ್ಲೆಹೇಮಿನ ಒಳಗೆ ಒಂದು ದಿನ ಕಾಲಿಟ್ಟವಳಲ್ಲ."

ಆಮೇಲೆ ಅವಳಿಗೆ ತಾನು ಎದ್ದದ್ದು ನೆನಪಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿತು, ತನ್ನ ದನಿಯೇ ಬೇರೆ ಯಾರದೋ ಎಂಬಂತೆ ಕೇಳಿತು. "ಹನ್ನೊಂದು ವರ್ಷ ಕಾಲಿಟ್ಟಿದೀನಿ! ಹನ್ನೊಂದು ವರ್ಷ ಆ ಊರು ತಿಂದ ರೊಟ್ಟಿ ನಂದು. ಅಪ್ಪನ ಕೈಲಿ ಚಮಚ ನಿಲ್ತಿರಲಿಲ್ಲ. ನಾನು ನಾದಿದೀನಿ, ನಾನು ಒತ್ತಿದೀನಿ, ಇದೇ ಕೈ. ಮುಟ್ಟಾದಾಗಲೂ ನಾದಿದೀನಿ. ಹಾಕ್ಕೊಳಿ ವೀಡಿಯೊ! ಓಡೆಟ್, ತೆಗಿ ವೀಡಿಯೊ, ಈಗ ತೆಗಿ!"

ಓಡೆಟ್ ಫೋನು ಕೆಳಗಿಳಿಸಿದಳು. ಅಬೂನಾ ಬಖೂಮ್ ಕೈಯಲ್ಲಿದ್ದ ಈರುಳ್ಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದರು. ಅವಳು ಕಾಯುತ್ತಿದ್ದಳು, ಯಾರಾದರೂ ಬೆಚ್ಚಿಬೀಳಲಿ, ಶಿಲುಬೆ ಗುರುತು ಮಾಡಿಕೊಳ್ಳಲಿ, ಹೊರಗೆ ಹೋಗು ಎನ್ನಲಿ ಎಂದು. ಮೂವತ್ತೊಂದು ವರ್ಷ ಅವಳು ಹೆದರಿದ್ದು ಈ ಗಳಿಗೆಗೆ.

"ಗೊತ್ತಮ್ಮ" ಎಂದ ಮುಅಲ್ಲಿಂ ಬುಕ್ತೋರ್, ಬಾಯಿ ಒರೆಸಿಕೊಳ್ಳುತ್ತ.

"ಏನು ಗೊತ್ತು?"

"ನೀನು ಮಾಡ್ತಿದ್ದಿದ್ದು. ಮೊದಲ್ನೇ ವಾರಾನೇ ನಿಮ್ಮಪ್ಪ ಬಂದು ಹೇಳ್ದ. ನಂಗೂ ಹೇಳ್ದ, ಅಬೂನಾ ಮಿಖಾಯಿಲಗೂ ಹೇಳ್ದ. ಅಬೂನಾ ಬಿಷಪ್ಪರನ್ನ ಕೇಳಿದ್ರು. ಬೇರೆ ಯಾರಿದಾರೆ, ಮಾಡ್ಲಿ ಬಿಡಿ, ಆದ್ರೆ ಗದ್ದಲ ಬೇಡ ಅಂದ್ರು ಅವರು. ಮುಂದಿನ ಸಾಲಿನ ಗಂಡಸ್ರಿಗೆಲ್ಲ ಗೊತ್ತಿತ್ತು. ನೀನು ಹೊರಟು ಹೋಗ್ಲಿ ಅಂತ ಬೀಗ ತೆಗೆಯೋನು ಗೇಟಿನ ಹತ್ರ ನಿಂತು ಕಾಯ್ತಿದ್ದ, ಪಾಪ, ಚಳೀಲಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅಂಗಾಲಿನಿಂದ ಮೇಲಕ್ಕೆ ಏರಿದ್ದು ಸಮಾಧಾನವಲ್ಲ. ಅಪ್ಪಣೆ ಇತ್ತು! ಬಿಷಪ್ಪರವರೆಗೆ ಹೋಗಿ ಅಪ್ಪಣೆ ಬಂದಿತ್ತು. ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಅವಳೊಬ್ಬಳಿಂದ ಮುಚ್ಚಿಟ್ಟಿದ್ದರು. ಅವಳು ಗೋಡೆ ಬಳಸಿ ಓಡುವಾಗ ಗಂಡಸರು ಗೇಟಿನ ಬಳಿ ನಿಂತು ಮುಖ ತಿರುಗಿಸಿಕೊಳ್ಳುತ್ತಿದ್ದರು, ದೊಡ್ಡ ಉಪಕಾರ ಮಾಡಿದವರ ಹಾಗೆ. ಪ್ರತಿ ಪಾಪನಿವೇದನೆಯಲ್ಲೂ ಅವಳು ಹೇಳಲಾಗದ್ದನ್ನು ನುಂಗಿ, ನುಂಗಿದ್ದೂ ಪಾಪವೆಂದು ನಡುಗುತ್ತಿದ್ದಾಗ ಎದುರಿಗೆ ಕೂತಿದ್ದ ಅಬೂನಾ ಮಿಖಾಯಿಲರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ, ಇನ್ನೇನಾದ್ರೂ ಇದೆಯಾ ಮಗಳೇ ಎಂದು ಕೇಳುತ್ತಿದ್ದರು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪ ಬೇಡ ಅಂದ. ಅಪ್ಪಣೆ ಇದೆ ಅಂತ ಗೊತ್ತಾದ್ರೆ ಅವಳಿಗೆ ಹೆದರಿಕೆ ಹೋಗತ್ತೆ, ಹೆದರಿಕೆ ಹೋದೋಳು ನಾಳೆ ಹಗಲಲ್ಲೇ ಬರ್ತೀನಿ ಅಂತಾಳೆ ಅಂದ. ನಾವೂ ಸುಮ್ನಿದ್ವಿ. ರೊಟ್ಟಿಗೇನೂ ವ್ಯತ್ಯಾಸ ಆಗ್ಲಿಲ್ಲವಲ್ಲಮ್ಮ."

"ರೊಟ್ಟಿಗೆ ಆಗ್ಲಿಲ್ಲ" ಎಂದಳು ಅವಳು. "ಸರಿ. ಅಪ್ಪಣೆ ಇತ್ತಲ್ಲ, ಹಾಗಾದ್ರೆ ಅವನು ಯಾಕೆ ತಿನ್ಲಿಲ್ಲ? ದಿನಾ ನನ್ನ ಮುಂದೆ ನೀರು ಕುಡಿದು ಕುಡಿದು ಯಾಕೆ ಉಪವಾಸ ಕೆಡಿಸ್ಕೊಂಡ? ನಾನು ಮೈಲಿಗೆ ಅಂತಾನಾ?"

"ಹಬ್ಬದ ದಿನ, ಬಿಡಮ್ಮ."

"ಹೇಳಿ."

ಮುದುಕ ಮೇಜಿನ ಮೇಲೆ ಕೈಯಾಡಿಸಿ ಅಚ್ಚನ್ನು ಹುಡುಕಿದ, ಅದರ ಮೇಲೆ ಬೆರಳಿಟ್ಟುಕೊಂಡ. "ತಪ್ಪು ನಂದು. ಎರಡ್ನೇ ವಾರ, ಬೆಂಚಿನ ಮೇಲೆ ಕೂತಿದ್ವಿ. ಕಲ್ಲೀನಿ, ಮೂವತ್ತು ವರ್ಷ ನಿನ್ನ ರೊಟ್ಟಿ ತಿಂದೆ, ನಿನ್ನ ಮಗಳದು ಇನ್ನೂ ಚೆನ್ನಾಗಿದೆ ಕಣಯ್ಯ ಅಂದ್ಬಿಟ್ಟೆ. ತಮಾಷೆಗಲ್ಲ, ನಿಜವಾಗ್ಲೂ ಚೆನ್ನಾಗಿತ್ತು. ಅವನು ಎದ್ದು ಹೋದ. ಅವತ್ತಿಂದ ಮುಟ್ಲಿಲ್ಲ. ಮೈಲಿಗೆ ಗೀಲಿಗೆ ಏನಿಲ್ಲ. ಅವನಿಗೆ ಸಹಿಸಕ್ಕಾಗ್ಲಿಲ್ಲ, ಅಷ್ಟೆ."

ಕೆಳಗೆ ಮರಳಿನ ಮೇಲೆ ಯಾರೋ ಹಾಡು ಹಾಕಿದ್ದರು. ಹೊಟ್ಟೆಕಿಚ್ಚು. ಅವಳು ತನ್ನ ಮೈಯನ್ನು ತಾನೇ ಹೇಸಿಕೊಂಡು ಕಳೆದ ಮೂವತ್ತೊಂದು ವರ್ಷ, ಹಿಟ್ಟು ಮುಟ್ಟದ ಕೈ, ಅಂಗಡಿಯ ರೊಟ್ಟಿ, ಎಲ್ಲ ಒಬ್ಬ ಮುದುಕನ ಹೊಟ್ಟೆಕಿಚ್ಚಿಗೆ. ಅಯ್ಯೋ ಅಪ್ಪ, ನೀನು ಇದ್ದಿದ್ದರೆ ಇವತ್ತು ನಿನ್ನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ.

ಅಬೂನಾ ಬಖೂಮ್ ಗಂಟಲು ಸರಿಮಾಡಿಕೊಂಡರು. "ಅಮ್ಮ, ನಿಮ್ಮ ಸೇವೆ ದೇವರಿಗೆ ಗೊತ್ತು. ಫಲಕದ ವಿಷಯ... ಜನ ತಪ್ಪು ತಿಳ್ಕೋಬಾರ್ದು ನೋಡಿ. ಯಾರ ಹೆಸ್ರೂ ಹಾಕದೇ ಬಿಡೋಣ. ಬರೀ ಅಚ್ಚು ಇಡೋಣ. ಎಲ್ಲರಿಗೂ ಸಮಾಧಾನ."

"ಒಳ್ಳೇ ಮಾತು" ಎಂದ ನಸ್ಸೀಫ್ ತಕ್ಷಣ. "ಕೂತ್ಕೊ ಅಕ್ಕ. ಮೀನು ಇನ್ನೂ ಇದೆ."

ನನ್ನ ಹೆಸರು ಹಾಕುವುದಕ್ಕಿಂತ ಯಾರದೂ ಇಲ್ಲದಿರುವುದೇ ಮೇಲು ಇವರಿಗೆ! ಅವಳು ಮುದುಕನ ಬೆರಳಿನಡಿಯಿಂದ ಅಚ್ಚನ್ನು ಎಳೆದುಕೊಂಡಳು. "ಫಲಕ ತಗೊಂಡು ಹೋಗಿ ಅಬೂನಾ. ಇದು ಬರಲ್ಲ." ನಸ್ಸೀಫ್, ಇಟ್ಕೊಂಡು ಏನು ಮಾಡ್ತೀಯ, ಎಲ್ಲಿ ಒತ್ತುತೀಯ ಎಂದು ಕೂಗುತ್ತಿದ್ದಂತೆ ಅವನ ಉಪ್ಪಿನ ಹಿಟ್ಟನ್ನು ಮೇಜಿನಿಂದ ಬಳಿದುಕೊಂಡು ಅಡುಗೆಮನೆಗೆ ನಡೆದು ಕಸದ ಡಬ್ಬಿಗೆ ಹಾಕಿದಳು. ಮೀನಿನ ವಾಸನೆ ಹೋಗುವವರೆಗೆ ಕೈ ತೊಳೆದಳು. ಹಿಟ್ಟಿನ ಚೀಲ ತೆಗೆದು ಕಟ್ಟೆಯ ಮೇಲೆ ಸುರಿದು, ನಡುವೆ ಗುಳಿ ಮಾಡಿ ನೀರು ಹೊಯ್ದಳು. ಇಪ್ಪತ್ತು ವರ್ಷದ ಮೇಲೆ ಹಿಟ್ಟಿನೊಳಗೆ ಬೆರಳು ಇಳಿದಾಗ ಅವಳಿಗೆ ಅಳು ಬರಲಿಲ್ಲ. ಸಿಟ್ಟು ತೋಳಿಗಿಳಿಯಿತು. ಕಟ್ಟೆಯೇ ಅಲುಗುವ ಹಾಗೆ ನಾದತೊಡಗಿದಳು.

ಸದ್ದು ಕೇಳಿ ಮೇಜಿನ ಕಡೆಯಿಂದ ಮುಅಲ್ಲಿಂ ಬುಕ್ತೋರ್ ಮೆಲ್ಲಗೆ ಕೀರ್ತನೆ ಎತ್ತಿಕೊಂಡ, ಹಿಟ್ಟು ನಾದುವವರು ಹೇಳಿಕೊಳ್ಳುವ ಮೊದಲನೆಯ ಕೀರ್ತನೆ. ದನಿ ಇನ್ನೂ ಚೆನ್ನಾಗಿತ್ತು.

"ನಿಲ್ಸಿ!" ಎಂದು ಅವಳು ಒಳಗಿನಿಂದಲೇ ಕೂಗಿದಳು. "ಹೆಂಗಸಿನ ದನಿ ಆಚೆ ಕೇಳ್ಬಾರ್ದು ಅಂತ ಹನ್ನೊಂದು ವರ್ಷ ತುಟಿ ಮುಚ್ಕೊಂಡು ಹೇಳಿದೀನಿ. ಈಗ ನಾನು ಹೇಳ್ತೀನಿ. ನೀವು ಕೇಳಿ."

ಮುದುಕ ನಿಲ್ಲಿಸಿದ. ಅವಳು ಶುರುಮಾಡಿದಳು. ದನಿ ಒಡೆದಿತ್ತು, ರಾಗ ಸರಿಯಾಗಿ ಬರಲಿಲ್ಲ, ಪದಗಳು ಮಾತ್ರ ಒಂದೂ ತಪ್ಪಲಿಲ್ಲ. ಪಕ್ಕದ ಮನೆಯವರು ಇಣುಕಿ ನೋಡುತ್ತಿದ್ದಾರೆಂದು ನಸ್ಸೀಫ್ ಬಾಲ್ಕನಿಯ ಬಾಗಿಲು ಮುಚ್ಚಲು ಎದ್ದ. ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು.